ಸ್ಟಾಪ್ ಮೋಷನ್ ಬೊಂಬೆ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಇಡೀ ಮಧ್ಯಾಹ್ನ ಕೂತು, ಬೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಫೋಟೋ ತೆಗೆಯುತ್ತಾ, ಎಂಟು ಸೆಕೆಂಡಿನ ಸ್ಟಾಪ್ ಮೋಷನ್ ದೃಶ್ಯ ತೆಗೆದಿರುತ್ತೀರಿ. ಓಡಿಸಿ ನೋಡಿದರೆ ಬೊಂಬೆ ಎತ್ತಿ ಹಿಡಿದಿದ್ದ ಕೈ, ಯಾರೂ ಮುಟ್ಟದಿದ್ದರೂ, ಮೆಲ್ಲಗೆ ಕೆಳಗಿಳಿಯುತ್ತಾ ಬಂದಿದೆ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಫೋಟೋ ಬೇಕು. ಒಂದು ಭಂಗಿಯನ್ನು ಎರಡೆರಡು ಫ್ರೇಮ್‌ಗೆ ಹಿಡಿದರೂ ಸೆಕೆಂಡಿಗೆ 12 ಭಂಗಿ, ಎಂಟು ಸೆಕೆಂಡಿಗೆ 96. ತೊಂಬತ್ತಾರು ಸಲ ಬೆರಳು ತಾಗುವ ಬೊಂಬೆಯಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಅದು ಪರದೆಯ ಮೇಲೆ ಕಂಡೇ ಕಾಣುತ್ತದೆ.

ಹೀಗಾದಾಗ ನಮ್ಮ ಕೈ ಮೊದಲು ಹೋಗುವುದು ದೋಷ ಕಂಡ ಜಾಗಕ್ಕೆ. ತಲೆ ಅಲ್ಲಾಡಿದರೆ ಕತ್ತನ್ನು ಬಿಚ್ಚುತ್ತೇವೆ, ಕೈ ಇಳಿದರೆ ಭುಜ ಸೀಳುತ್ತೇವೆ. ಹಲವು ಬೊಂಬೆಗಳನ್ನು ಹಾಳು ಮಾಡಿಕೊಂಡ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ತೊಂದರೆ ಕಾಣುವ ಜಾಗ ಒಂದು, ಇರುವ ಜಾಗ ಇನ್ನೊಂದು. ಆದ್ದರಿಂದ ಇಲ್ಲಿ ನೆಲದಿಂದ ಶುರುಮಾಡಿ ಮೇಲಕ್ಕೆ ಹೋಗೋಣ. ಬಿಚ್ಚದೆ ನೋಡಬಹುದಾದ್ದು ಮೊದಲು, ಚರ್ಮಕ್ಕೆ ಬ್ಲೇಡ್ ಹಾಕುವುದು ಕಟ್ಟಕಡೆಗೆ.

ಯಾವುದಕ್ಕೂ ಮೊದಲು: ಹತ್ತು ನಿಮಿಷದ ಪರೀಕ್ಷೆ

ಬೊಂಬೆಯನ್ನು ತೊಂದರೆ ಕೊಡುವ ಭಂಗಿಯಲ್ಲೇ ನಿಲ್ಲಿಸಿ. ಒಂದು ಫೋಟೋ ತೆಗೆಯಿರಿ. ಮೇಜು ಮುಟ್ಟದೆ, ಹತ್ತಿರ ಓಡಾಡದೆ ಹತ್ತು ನಿಮಿಷ ಬಿಟ್ಟು ಇನ್ನೊಂದು ತೆಗೆಯಿರಿ. ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹಾಕಿ ಹಿಂದೆ ಮುಂದೆ ಬದಲಿಸುತ್ತಾ ನೋಡಿ. ಖರ್ಚಿಲ್ಲದ ಈ ಪರೀಕ್ಷೆ ಅರ್ಧ ಗೊಂದಲವನ್ನು ಕಳೆಯುತ್ತದೆ.

ಹಿನ್ನೆಲೆಯೂ ಬೊಂಬೆಯೂ ಒಟ್ಟಿಗೆ ಸರಿದಿದ್ದರೆ ತಪ್ಪು ಬೊಂಬೆಯದಲ್ಲ. ಕ್ಯಾಮೆರಾ, ಟ್ರೈಪಾಡ್ ಅಥವಾ ಮೇಜು ಅಲುಗಿದೆ. ಟ್ರೈಪಾಡಿನ ಕಾಲುಗಳನ್ನು ನೆಲಕ್ಕೆ ಟೇಪ್ ಹಾಕಿ, ಅದರ ನಡುವೆ ಭಾರ ತೂಗುಹಾಕಿ. ಏನೂ ಸರಿದಿಲ್ಲ, ಬೆಳಕು ಮಾತ್ರ ಹೆಚ್ಚುಕಡಿಮೆಯಾಗಿದೆ ಎಂದರೆ ಕ್ಯಾಮೆರಾದ ಆಟೋ ಎಕ್ಸ್‌ಪೋಷರ್, ಆಟೋ ವೈಟ್ ಬ್ಯಾಲೆನ್ಸ್ ಎರಡನ್ನೂ ಆರಿಸಿ, ಕಿಟಕಿ ಮುಚ್ಚಿ, ಗಾಢ ಬಣ್ಣದ ಅಂಗಿ ತೊಡಿ. ಬಿಳಿ ಅಂಗಿ ಬೆಳಕನ್ನು ಸೆಟ್ ಮೇಲೆ ಎರಚುತ್ತದೆ, ನೀವು ನಿಂತ ಜಾಗ ಬದಲಾದಂತೆ ಆ ಬೆಳಕೂ ಬದಲಾಗುತ್ತದೆ. ಇಷ್ಟಾದರೂ ಬೆಳಕು ಮಿಣುಕಿದರೆ ಲೆನ್ಸಿನ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪ್ರತಿ ಸಲ ಕೂದಲಷ್ಟು ಬೇರೆ ಅಳತೆಗೆ ಮುಚ್ಚುತ್ತಿರಬಹುದು. ಕೈಯಲ್ಲೇ ಅಪರ್ಚರ್ ತಿರುಗಿಸುವ ಹಳೆಯ ಲೆನ್ಸ್‌ನಲ್ಲಿ ಈ ಕಾಟವಿಲ್ಲ.

ಬೊಂಬೆ ಮಾತ್ರ ಸರಿದಿದ್ದರೆ ಮುಂದೆ ಓದಿ. ಏನೇನೂ ಸರಿದಿಲ್ಲ, ಆದರೆ ಶೂಟಿಂಗ್‌ನಲ್ಲಿ ನಡುಗುತ್ತದೆ ಎಂದರೆ ಅದು ನೀವು ಮುಟ್ಟಿದಾಗ ಮಾತ್ರ ಬಯಲಾಗುವ ಸಡಿಲ. ಅದನ್ನು ಹುಡುಕುವುದೂ ಪಾದದಿಂದಲೇ.

ಬೊಂಬೆ ವಾಲುತ್ತದೆ, ಅಥವಾ ಮುಟ್ಟಿದ ಕೂಡಲೇ ಇಡೀ ಮೈ ಅಲುಗುತ್ತದೆ

ಸೊಂಟವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಡಕ್ಕೂ ಬಲಕ್ಕೂ ನೂಕಿ, ಕಣ್ಣನ್ನು ಪಾದದ ಅಂಚಿನ ಮೇಲೇ ಇಡಿ. ಅಂಚು ನೆಲದಿಂದ ಒಂದು ಕಾಗದದಷ್ಟು ಎದ್ದರೂ ದೋಷ ಸಿಕ್ಕಿತು.

ಸ್ಕ್ರೂನಿಂದ ಬಿಗಿಯುವ ಬೊಂಬೆಯಾದರೆ ಪಾದದೊಳಗೆ ಒಂದು ನಟ್ ಇರುತ್ತದೆ, ಸಾಮಾನ್ಯವಾಗಿ 3 ಮಿ.ಮೀ. ಅಳತೆಯದು. ಸೆಟ್ಟಿನ ಹಲಗೆಗೆ ತೂತು ಕೊರೆದು ಕೆಳಗಿನಿಂದ ಸ್ಕ್ರೂ ಹಾಕುತ್ತೇವೆ. ಸ್ಕ್ರೂ ಬಿಗಿಯಾಗದೆ ಸುಮ್ಮನೆ ತಿರುಗುತ್ತಲೇ ಇದ್ದರೆ ನಟ್ ಪಾದದೊಳಗೆ ಕಳಚಿಕೊಂಡಿದೆ ಎಂದರ್ಥ. ನುಣುಪಾದ ನಟ್‌ಗೆ ಪುಟ್ಟಿ ಹಿಡಿಯುವುದಿಲ್ಲ. ಹೊರತೆಗೆದು ಅರದಿಂದ ಗೀರುಹಾಕಿ, ಒಂದು ಲೋಹದ ತುಣುಕಿಗೆ ಬೆಸುಗೆ ಮಾಡಿ, ಮತ್ತೆ ಎಪಾಕ್ಸಿ ಪುಟ್ಟಿಯಲ್ಲಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಮುದ್ದೆ) ಕೂರಿಸಿ. ಸ್ಕ್ರೂ ಬಿಗಿಯಾಗಿಯೇ ಇದ್ದು ಪಾದ ಏಳುತ್ತಿದ್ದರೆ ಹಲಗೆಯನ್ನು ಅನುಮಾನಿಸಿ. ಥರ್ಮೋಕೋಲ್ ಅಥವಾ ಫೋಮ್ ಬೋರ್ಡ್ ನೆಲ ಸ್ಕ್ರೂನ ಒತ್ತಡಕ್ಕೆ ತಗ್ಗಾಗುತ್ತದೆ. ಕೆಳಗೊಂದು ಅಗಲ ವಾಷರ್ ಹಾಕಿದರೆ ಸ್ವಲ್ಪ ತಡೆಯುತ್ತದೆ, ಪ್ಲೈವುಡ್‌ಗೆ ಬದಲಿಸುವುದೇ ಸರಿ.

ಮ್ಯಾಗ್ನೆಟ್‌ನಿಂದ ನಿಲ್ಲಿಸುವವರು ಪಾದದ ತಳಕ್ಕೆ ಅಂಟಿಸಿದ ಬಟ್ಟೆ, ಬಣ್ಣ, ಕ್ಲೇ ಎಲ್ಲವನ್ನೂ ಗಮನಿಸಬೇಕು. ಮ್ಯಾಗ್ನೆಟ್‌ಗೂ ಉಕ್ಕಿನ ತಗಡಿಗೂ ನಡುವೆ ಒಂದು ಮಿ.ಮೀ. ಅಂತರ ಹೆಚ್ಚಿದರೂ ಹಿಡಿತ ತಟ್ಟನೆ ಬೀಳುತ್ತದೆ. ತಗಡು ತೀರಾ ತೆಳುವಾದರೂ ಹಾಗೆಯೇ.

ಪಾದ ಗಟ್ಟಿಯಾಗಿ ಕೂತಿದ್ದೂ ಮೈ ವಾಲುತ್ತಿದ್ದರೆ ತಲೆಯನ್ನು ಕೈಯಲ್ಲಿ ತೂಗಿ ನೋಡಿ. ಮೊದಲ ಬೊಂಬೆ ಮಾಡುವವರೆಲ್ಲ ತಲೆಯನ್ನು ಇಡಿಯಾಗಿ ಕ್ಲೇಯಲ್ಲೇ ಉರುಟುತ್ತಾರೆ. ಅಷ್ಟು ಎತ್ತರದಲ್ಲಿ ಅಷ್ಟು ಭಾರ ಇದ್ದರೆ ಪಾದದ ಗಂಟು ಸೋಲದೆ ಇರುವುದಿಲ್ಲ. ಒಳಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆಯೋ ಥರ್ಮೋಕೋಲ್ ಗುಂಡೋ ಇಟ್ಟು, ಮೇಲೆ ಕ್ಲೇಯ ತೆಳು ಪದರ ಮಾತ್ರ ಹಚ್ಚಿ.

ಓಡುವ, ಹಾರುವ ದೃಶ್ಯಕ್ಕೆ ಪಾದವನ್ನೇ ನಂಬಬೇಡಿ. ಬೆನ್ನಿಗೆ ಒಂದು ಆಧಾರದ ಸರಳು ಸಿಕ್ಕಿಸಿ, ಬೊಂಬೆಯಿಲ್ಲದ ಖಾಲಿ ಸೆಟ್ಟಿನ ಒಂದು ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ಕಂಪ್ಯೂಟರಿನಲ್ಲಿ ಸರಳನ್ನು ಅಳಿಸಬಹುದು.

ಕೈಕಾಲು ಇಟ್ಟ ಕಡೆ ನಿಲ್ಲುವುದಿಲ್ಲ

ಇದರಲ್ಲಿ ಎರಡು ಬಗೆ. ಎರಡನ್ನೂ ಬೆರೆಸಿಕೊಂಡರೆ ದಾರಿ ತಪ್ಪುತ್ತದೆ.

ಬೆರಳು ಬಿಟ್ಟ ಕ್ಷಣವೇ ಕೈ ಸ್ವಲ್ಪ ಹಿಂದಕ್ಕೆ ಬಂದು ನಿಂತರೆ ಅದು ಪುಟಿತ. ಒಳಗಿನ ತಂತಿ ಉಕ್ಕಿನದೋ ಗಟ್ಟಿ ಜಾತಿಯದೋ ಆಗಿರಬಹುದು. ಹಂದರಕ್ಕೆ, ಅಂದರೆ ಬೊಂಬೆಯೊಳಗಿನ ಅಸ್ಥಿಪಂಜರಕ್ಕೆ, ಬೇಕಾದ್ದು ಮೆದುವಾದ ಅಲ್ಯೂಮಿನಿಯಂ ತಂತಿ. ಅದರ ಒಂದು ತುಂಡನ್ನು ಬಗ್ಗಿಸಿದರೆ ಬಗ್ಗಿಸಿದಲ್ಲೇ ಸತ್ತಂತೆ ಬಿದ್ದಿರಬೇಕು. ತಂತಿ ಸರಿಯಿದ್ದೂ ಪುಟಿಯುತ್ತಿದ್ದರೆ ಎಳೆಯುತ್ತಿರುವುದು ಮೈ. ಮೊಣಕೈ ಒಳಭಾಗದಲ್ಲಿ ದಪ್ಪ ಸಿಲಿಕೋನ್ ಇದ್ದರೆ ಮಡಚಿದಾಗ ಅದು ಸ್ಪಂಜಿನಂತೆ ತಳ್ಳುತ್ತದೆ. ಬಿಗಿಯಾದ ತೋಳಿನ ಅಂಗಿಯೂ ಇದನ್ನೇ ಮಾಡುತ್ತದೆ, ಆದ್ದರಿಂದ ಮೊದಲು ಅಂಗಿ ಬಿಚ್ಚಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಬಿಟ್ಟಾಗ ನಿಂತು, ಆಮೇಲೆ ನಿಧಾನವಾಗಿ ಇಳಿದರೆ ಅದು ಭಾರಕ್ಕೆ ಸೋಲುವುದು. ಅಂಗೈಯಲ್ಲಿ ಕ್ಲೇ ಹೆಚ್ಚಿದೆ, ಇಲ್ಲವೇ ಭುಜದ ತಂತಿ ಸಾಲದು. ಭುಜ ಇಡೀ ಕೈಯ ಭಾರ ಹೊರಬೇಕು, ಮೊಣಕೈ ಅದಕ್ಕಿಂತ ಕಡಿಮೆ, ಮಣಿಕಟ್ಟು ಇನ್ನೂ ಕಡಿಮೆ. ಮೂರಕ್ಕೂ ಒಂದೇ ತಂತಿ ಹಾಕಿದರೆ ಭುಜ ಸೋಲುತ್ತದೆ, ಅಥವಾ ಮಣಿಕಟ್ಟನ್ನು ತಿರುಗಿಸಲು ಹೋದರೆ ಮೊಣಕೈ ಬಗ್ಗುತ್ತದೆ. ತಂತಿಯ ದಪ್ಪ ಸ್ವಲ್ಪ ಹೆಚ್ಚಿದರೂ ಬಲ ಬಹಳ ಹೆಚ್ಚುತ್ತದೆ: 1.5 ಮಿ.ಮೀ. ಬದಲು 2 ಮಿ.ಮೀ. ಹಾಕಿದರೆ ಬಗ್ಗಿಸಲು ಬೇಕಾದ ಬಲ ಎರಡು ಪಟ್ಟಿಗೂ ಮೀರುತ್ತದೆ. ಆದ್ದರಿಂದ ಭುಜಕ್ಕೆ ಮೂರು ಎಳೆ ಹೊಸೆದು, ಮೊಣಕೈ ಕೆಳಗೆ ಎರಡೇ ಎಳೆ ಮುಂದುವರಿಸುವುದು ಒಳ್ಳೆಯ ಲೆಕ್ಕ.

ಉಕ್ಕಿನ ಗುಂಡು-ಬಟ್ಟಲಿನ ಕೀಲಿದ್ದರೆ ಕೆಲಸ ಸುಲಭ. ಗುಂಡನ್ನು ಒತ್ತಿ ಹಿಡಿದ ಎರಡು ಪಟ್ಟಿಗಳ ನಡುವಿನ ಸ್ಕ್ರೂ ತಿರುಗಿಸಿ, ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಸಾಕು. ಬಿಗಿಮಾಡಿದರೂ ಜಾರಿದರೆ ಗುಂಡಿಗೆ ಎಣ್ಣೆ ಹತ್ತಿದೆ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಜೋಡಿಸಿ. ಬಿಗಿ ಮಾಡಿದ ಸ್ಕ್ರೂ ಅರ್ಧ ದಿನದಲ್ಲೇ ಮತ್ತೆ ಸಡಿಲವಾದರೆ ಸ್ಕ್ರೂನ ಸುರುಳಿಗಳಿಗೆ, ಅದನ್ನು ಸಡಿಲವಾಗಲು ಬಿಡದ ಅಂಟಾದ ಮಧ್ಯಮ ಬಲದ ಥ್ರೆಡ್‌ಲಾಕರ್ ಒಂದು ತೊಟ್ಟು ಹಾಕಿ. ಗುಂಡಿಗೆ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಕೀಲೇ ಸೆಟೆದುಕೊಳ್ಳುತ್ತದೆ.

ಮೂರನೆಯದೊಂದು ಲಕ್ಷಣ ಇವೆರಡರಂತೆಯೇ ಕಾಣುತ್ತದೆ: ತೊಡೆಯನ್ನು ತಿರುಗಿಸಿದರೆ ಚರ್ಮ ತಿರುಗುತ್ತದೆ, ಒಳಗಿನ ತಂತಿ ಇದ್ದಲ್ಲೇ ಇರುತ್ತದೆ, ಬಿಟ್ಟರೆ ವಾಪಸ್. ಇಲ್ಲಿ ಕೀಲುಗಳ ನಡುವೆ ಮೂಳೆಯಂತೆ ತಂತಿಗೆ ಸುತ್ತಿದ ಪುಟ್ಟಿ ತಂತಿಯನ್ನು ಹಿಡಿದಿಲ್ಲ. ಒಂಟಿ ನುಣುಪು ತಂತಿಯ ಮೇಲೆ ಪುಟ್ಟಿ ಬಳೆಯಂತೆ ಸುತ್ತುತ್ತಿರುತ್ತದೆ. ಹೊಸೆದ ತಂತಿಯಾದರೆ ಹೀಗಾಗುವುದು ಅಪರೂಪ. ಇದಕ್ಕೆ ಹೊರಗಿನಿಂದ ಮದ್ದಿಲ್ಲ, ಮೈ ಸೀಳಲೇಬೇಕು.

ಕೀಲು ಮುರಿಯಿತು

ತಂತಿ ಬೊಂಬೆ ಕಟ್ಟುವ ಎಲ್ಲರೂ ಒಂದಲ್ಲ ಒಂದು ದಿನ ಇದನ್ನು ಕಾಣುತ್ತಾರೆ. ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿದಷ್ಟೂ ಅಲ್ಯೂಮಿನಿಯಂ ಗಟ್ಟಿಯಾಗುತ್ತದೆ, ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ, ಕೊನೆಗೆ ಕಡಿಯುತ್ತದೆ. ಇದನ್ನು ತಡೆಯಲಾಗದು, ಮುಂದೂಡಬಹುದು. ಮುನ್ಸೂಚನೆ ಗುರುತಿಸುವುದನ್ನಂತೂ ಕಲಿಯಲೇಬೇಕು.

ನನ್ನ ಒಂದು ಅಜ್ಜಿ ಬೊಂಬೆ ನಡೆಯುವ ದೃಶ್ಯದಲ್ಲಿ ಎಡ ಪಾದದ ಗಂಟು ಎಂದಿಗಿಂತ ಹಗುರವಾಗಿ ಬಗ್ಗಿತು. ಆ ಕ್ಷಣ ನನಗೆ ಸಂತೋಷವೇ ಆಯಿತು, ಈಗ ಹದವಾಯಿತು ಎಂದುಕೊಂಡೆ. ಮುಂದಿನ ಹೆಜ್ಜೆಗೆ ಬೆರಳ ತುದಿಗೆ ಮರಳು ಸಿಕ್ಕಿದಂತೆ ಸಣ್ಣ ಕರಕರ. ಅದರ ಮುಂದಿನ ಹೆಜ್ಜೆಗೆ ಪಾದ ನೆಲದಲ್ಲೇ ಉಳಿದು ಅಜ್ಜಿ ನನ್ನ ಕೈಗೆ ಬಂದಳು. ಸೀಳಿ ನೋಡಿದಾಗ ಎರಡೆಳೆಯಲ್ಲಿ ಒಂದರ ತುದಿ ಕಪ್ಪಗೆ ಮಾಸಿತ್ತು, ಇನ್ನೊಂದು ಬೆಳ್ಳಗೆ ಹೊಳೆಯುತ್ತಿತ್ತು. ಮೊದಲ ಎಳೆ ಯಾವತ್ತೋ ಕಡಿದಿತ್ತು, ಹಗುರವಾಗಿದ್ದು ಅದಕ್ಕೇ. ಬಿಗಿಯಾಗಿದ್ದ ಕೀಲು ಕಾರಣವಿಲ್ಲದೆ ಹಗುರವಾದರೆ ಅದು ಹದವಲ್ಲ, ಎಳೆ ಕಡಿದಿದೆ. ಅಲ್ಲಿಗೇ ಶೂಟಿಂಗ್ ನಿಲ್ಲಿಸಿ.

ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ಸಿಗುತ್ತದೆ. ಪುಟ್ಟಿಯ ಅಂಚಿಗೆ ಸರಿಯಾಗಿ ಕಡಿದಿದ್ದರೆ ಆ ಅಂಚು ಚೂಪಾಗಿತ್ತು. ಬಾಗುವಿಕೆಯೆಲ್ಲ ಅದೊಂದೇ ಗೆರೆಯಲ್ಲಿ ನಡೆದಿದೆ. ಪುಟ್ಟಿ ಹಸಿಯಿರುವಾಗಲೇ ತುದಿಯನ್ನು ಮೊಂಡುಮಾಡಿ, ಎರಡು ಮೂಳೆಗಳ ನಡುವೆ ತಂತಿಗೆ ಬಾಗಲು 8ರಿಂದ 10 ಮಿ.ಮೀ. ಜಾಗ ಬಿಡಿ. ಅಂಗೈಯಗಲದ ಚಿಕ್ಕ ಬೊಂಬೆಗೆ ಇದಕ್ಕಿಂತ ಕಡಿಮೆ ಸಾಕು. ಕಡಿದ ಕಡೆ ಅಡ್ಡಗೀರು ಕಂಡರೆ ಅದು ಇಕ್ಕಳದ ಹಲ್ಲಿನ ಗುರುತು. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಬಳಸಿ. ಗೀರೂ ಇಲ್ಲ, ಅಂಚೂ ಅಲ್ಲ, ಎಲ್ಲೆಂದರಲ್ಲಿ ಬೇಗ ಬೇಗ ಕಡಿಯುತ್ತಿದ್ದರೆ ಹೊಸೆಯುವಾಗಲೇ ಅತಿಯಾಗಿದೆ. ಹಗ್ಗದಂತೆ ಬಿಗಿದ ತಂತಿ ಬೊಂಬೆಯೊಳಗೆ ಹೋಗುವ ಮೊದಲೇ ಅರ್ಧ ಆಯುಸ್ಸು ಕಳೆದಿರುತ್ತದೆ. ಡ್ರಿಲ್‌ಗೆ ಸಿಕ್ಕಿಸಿ ಹೊಸೆಯುವವರು ನಿಧಾನ ವೇಗದಲ್ಲಿ, ಕನ್ನಡಕ ಹಾಕಿಕೊಂಡೇ ಮಾಡಬೇಕು. ತುದಿ ಜಾರಿದರೆ ಚಾಟಿಯಂತೆ ಬೀಸುತ್ತದೆ.

ಗಟ್ಟಿಯಾದ ತಂತಿಯನ್ನು ಉರಿಯಲ್ಲಿ ಕಾಯಿಸಿ ಮೆದು ಮಾಡಬಹುದು ನಿಜ. ಆದರೆ ಅಲ್ಯೂಮಿನಿಯಂ ಉಕ್ಕಿನಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, 660 ಡಿಗ್ರಿ ಸೆಲ್ಸಿಯಸ್‌ಗೆ ಒಮ್ಮೆಲೇ ಕರಗಿ ಬೀಳುತ್ತದೆ. ಹೊಸ ತಂತಿ ತರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಮುರಿದದ್ದನ್ನು ಫೆವಿಕ್ವಿಕ್ ಥರದ ಅಂಟಿನಿಂದ ಕೂಡಿಸಬೇಡಿ, ಬಾಗುವ ಜಾಗದಲ್ಲಿ ಅದು ಒಂದು ಫ್ರೇಮ್ ಕೂಡ ನಿಲ್ಲದು. ಸಾಮಾನ್ಯ ಬೆಸುಗೆಯೂ ಅಲ್ಯೂಮಿನಿಯಂಗೆ ಹತ್ತುವುದಿಲ್ಲ, ಅದರ ಮೇಲಿನ ಆಕ್ಸೈಡ್ ಪೊರೆ ಬಿಡುವುದಿಲ್ಲ. ಇರುವ ಒಂದೇ ನೇರ ದಾರಿ ಅಂಗವನ್ನೇ ಬದಲಿಸುವುದು. ಅದಕ್ಕಾಗಿ ಕಟ್ಟುವಾಗಲೇ ಎದೆ ಮತ್ತು ಸೊಂಟದ ಪುಟ್ಟಿಯಲ್ಲಿ ಚೌಕಾಕಾರದ ಹಿತ್ತಾಳೆ ಕೊಳವೆಯ ತುಂಡು ಕೂರಿಸಿ, ಅದರೊಳಗೆ ಸರಿಯಾಗಿ ಕೂರುವ ಇನ್ನೊಂದು ಕೊಳವೆಗೆ ಕೈಕಾಲಿನ ತಂತಿ ಅಂಟಿಸಬೇಕು. ಚೌಕವಾದ್ದರಿಂದ ತಿರುಗುವುದಿಲ್ಲ, ಎಳೆದರೆ ಬರುತ್ತದೆ. ಮುಖ್ಯ ಪಾತ್ರಕ್ಕೆ ಎರಡು ಜೊತೆ ಕಾಲು ಮೊದಲೇ ಮಾಡಿಡಿ.

ಮೈಮೇಲೆ ಏನೋ ಕುದಿಯುತ್ತಿರುವಂತೆ ಕಾಣುತ್ತದೆ

ಭಂಗಿ ಸರಿಯಾಗಿದೆ, ಆದರೆ ಚರ್ಮ, ಬಟ್ಟೆ, ಕೂದಲು ಸದಾ ಮಿಸುಕುತ್ತವೆ. ಬೆರಳು ತಾಗಿದ ಗುರುತು ಫ್ರೇಮ್‌ನಿಂದ ಫ್ರೇಮ್‌ಗೆ ಬದಲಾಗುವುದೇ ಕಾರಣ. 1933ರ ‘ಕಿಂಗ್ ಕಾಂಗ್’ ಚಿತ್ರದ ಗೊರಿಲ್ಲಾದ ತುಪ್ಪಳದಲ್ಲಿ ಈ ಮಿಸುಕಾಟ ಇಂದಿಗೂ ಕಾಣುತ್ತದೆ, ಅದು ಆನಿಮೇಟರ್‌ನ ಬೆರಳುಗಳ ಗುರುತು.

ಕ್ಲೇ ಬೊಂಬೆಯಾದರೆ ಮೊದಲು ಕೈ ತೊಳೆಯಿರಿ, ಬಣ್ಣಕ್ಕೊಂದು ಬಟ್ಟೆ ಇಟ್ಟುಕೊಳ್ಳಿ, ತಿಳಿ ಬಣ್ಣವನ್ನು ಮೊದಲು ಮುಟ್ಟಿ. ದೀಪದ ಬಿಸಿಗೆ ಪ್ಲಾಸ್ಟಿಸಿನ್ ಮೆತ್ತಗಾದಷ್ಟೂ ಬೆರಳಚ್ಚು ಆಳವಾಗುತ್ತದೆ, ದೀಪವನ್ನು ದೂರ ಸರಿಸಿ. ಬಟ್ಟೆಗೆ ಅಂಚಿನ ಮಡಿಕೆಯಲ್ಲಿ ತೆಳುವಾದ ತಂತಿ ಹೊಲಿದರೆ ಇಟ್ಟ ಮಡಿಕೆ ಇಟ್ಟಂತೆಯೇ ನಿಲ್ಲುತ್ತದೆ. ಕೂದಲಿಗೆ ಹೇರ್ ಜೆಲ್ ಅಥವಾ ತೆಳು ಅಂಟು ಹಾಕಿ ಗಟ್ಟಿಮಾಡಿ. ಎಲ್ಲಕ್ಕಿಂತ ಮುಖ್ಯ, ಬೊಂಬೆಯನ್ನು ಪ್ರತಿ ಸಲ ಒಂದೇ ಜಾಗದಲ್ಲಿ, ಕ್ಯಾಮೆರಾಗೆ ಕಾಣದ ಬದಿಯಲ್ಲಿ ಹಿಡಿಯುವ ಅಭ್ಯಾಸ. ಸ್ಪ್ರೇ ಅಂಟು ಬಳಸುವುದಾದರೆ ಕಿಟಕಿ ತೆರೆದು, ಬಿಸಿ ದೀಪಗಳನ್ನು ಆರಿಸಿ, ಬೆಂಕಿಯಿಂದ ದೂರ ಬಳಸಿ.

ಸಿಲಿಕೋನ್ ಅಂಟಂಟಾಗಿಯೇ ಉಳಿಯಿತು, ಲೇಟೆಕ್ಸ್ ಕಂದಿತು, ಚರ್ಮ ಹರಿಯಿತು

ಅಚ್ಚು ತೆರೆದಾಗ ಸಿಲಿಕೋನ್ ಒಳಗೆ ಗಟ್ಟಿಯಾಗಿದ್ದು ಮೇಲ್ಮೈ ಮಾತ್ರ ಜಿಗುಟಾಗಿದ್ದರೆ, ಅಳತೆ ತಪ್ಪಿಲ್ಲ, ಅಚ್ಚಿನಿಂದ ಏನೋ ಅದನ್ನು ಕೆಡಿಸಿದೆ. ಪ್ಲಾಟಿನಂ ಬಗೆಯ (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ) ಸಿಲಿಕೋನ್‌ಗೆ ಗಂಧಕವೆಂದರೆ ಆಗದು. ಗಂಧಕವಿರುವ ಕ್ಲೇ, ಲೇಟೆಕ್ಸ್ ಗ್ಲೌಸ್, ತವರದ ಬಗೆಯ ಸಿಲಿಕೋನ್, ಕೆಲವು 3ಡಿ ಪ್ರಿಂಟಿಂಗ್ ರೆಸಿನ್‌ಗಳು, ಇವು ತಾಗಿದ ಕಡೆ ಅದು ಗಟ್ಟಿಯಾಗುವುದೇ ಇಲ್ಲ. ಎಲ್ಲೆಡೆ ಮೆತ್ತಗಿದ್ದರೆ ಮಾತ್ರ ಅಳತೆಯನ್ನೋ ಕಲಸಿದ್ದನ್ನೋ ಅನುಮಾನಿಸಿ. ಕೆಟ್ಟದ್ದು ಕಾದರೆ ಸರಿಹೋಗುವುದಿಲ್ಲ, ಕೆರೆದು ತೆಗೆಯಬೇಕು. ಮುಂದಿನ ಸಲ ಅಚ್ಚಿನ ಮೂಲೆಯಲ್ಲಿ ಒಂದು ಚಮಚದಷ್ಟು ಹಾಕಿ ಪರೀಕ್ಷಿಸಿ, ನೈಟ್ರೈಲ್ ಗ್ಲೌಸ್ ತೊಡಿ.

ಸಿಲಿಕೋನ್ ಹರಿಯುವುದು ಕಂಕುಳು, ತೊಡೆಸಂದಿ, ಮೊಣಕಾಲಿನ ಹಿಂಭಾಗದಲ್ಲಿ. ಅದಕ್ಕೆ ಅಂಟುವುದು ಸಿಲಿಕೋನ್ ಮಾತ್ರ. ಬಣ್ಣದ ಮಾತೂ ಅಷ್ಟೇ: ಅಕ್ರಿಲಿಕ್ ಬಣ್ಣ ಸಿಪ್ಪೆಯಾಗಿ ಏಳುತ್ತದೆ, ಸಿಲಿಕೋನ್‌ನಲ್ಲೇ ಬಣ್ಣ ಬೆರೆಸಿ ಹಚ್ಚಬೇಕು. ಅದನ್ನು ತೆಳು ಮಾಡುವ ದ್ರಾವಕಗಳ ಹೊಗೆಗೆ ಗಾಳಿಯಾಡುವ ಜಾಗವೂ ಸರಿಯಾದ ಮಾಸ್ಕೂ ಬೇಕು, ಬಟ್ಟೆಯ ಮಾಸ್ಕ್ ಸಾಲದು.

ಲೇಟೆಕ್ಸ್ ಚರ್ಮ ಒಂದೇ ಕಡೆ ಕಂದು ಬಣ್ಣಕ್ಕೆ ತಿರುಗಿ ಅಂಟಾಗುತ್ತಿದ್ದರೆ ಅದರಡಿಯಲ್ಲಿ ತಾಮ್ರವೋ ಹಿತ್ತಾಳೆಯೋ ಇದೆಯೇ ನೋಡಿ. ತಾಮ್ರ ರಬ್ಬರನ್ನು ಬೇಗ ಕೊಳೆಸುತ್ತದೆ. ಮೇಲೆ ಹೇಳಿದ ಹಿತ್ತಾಳೆ ಕೊಳವೆಗಳನ್ನು ಪುಟ್ಟಿಯಿಂದ ಪೂರ್ತಿ ಮುಚ್ಚಿ. ಕಣ್ಣುಗುಡ್ಡೆ ಜಾರಲಿ ಎಂದು ಹಚ್ಚುವ ವ್ಯಾಸಲೀನ್ ಕೂಡ ಲೇಟೆಕ್ಸ್ ಅನ್ನು ಉಬ್ಬಿಸಿ ಹಾಳುಮಾಡುತ್ತದೆ.

ಬಾಯಿ ಎಗರುತ್ತದೆ

ಮಾತಾಡುವಾಗ ಬದಲಿಸುವ ಬಾಯಿಗಳು ಪ್ರತಿ ಸಲ ಒಂದಿಷ್ಟು ಪಕ್ಕಕ್ಕೆ ಕೂರುತ್ತಿವೆ, ಅಷ್ಟೇ. ಒಂದೇ ಮ್ಯಾಗ್ನೆಟ್ ಇದ್ದರೆ ಬಾಯಿ ಅದರ ಸುತ್ತ ತಿರುಗುತ್ತದೆ. ಎರಡು ಹಾಕಿ, ಅಥವಾ ಮ್ಯಾಗ್ನೆಟ್ ಪಕ್ಕ ಒಂದು ಗೂಟ, ಅದಕ್ಕೊಂದು ಕುಳಿ ಮಾಡಿ.

ಕೆಲಸ ನಿಲ್ಲಿಸಿ ಬೇರೆಯವರ ನೆರವು ಪಡೆಯಬೇಕಾದಾಗ

ಎಪಾಕ್ಸಿ ಪುಟ್ಟಿ ಕಲಸಿದ ಮೇಲೆ ಬೆರಳ ಸಂದಿಯಲ್ಲಿ ತುರಿಕೆ, ಕೆಂಪು ಕಂಡರೆ ಇನ್ನೊಮ್ಮೆ ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮದ ವೈದ್ಯರಿಗೆ ತೋರಿಸಿ. ಈ ಅಲರ್ಜಿ ಒಮ್ಮೆ ಬಂದರೆ ಆಮೇಲೆ ಚೂರು ತಾಗಿದರೂ ಏಳುತ್ತದೆ. ಲೇಟೆಕ್ಸ್ ಬಳಸುವಾಗ ಉಸಿರು ಕಟ್ಟಿದಂತಾದರೆ, ಮುಖ ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಪುಟ್ಟ ನಿಯೋಡೈಮಿಯಂ ಮ್ಯಾಗ್ನೆಟ್‌ಗಳನ್ನು ಮಕ್ಕಳಿರುವ ಮನೆಯಲ್ಲಿ ಎಣಿಸಿ ಬೀಗ ಹಾಕಿಡಿ. ಎರಡು ನುಂಗಿದರೆ ಅವು ಕರುಳಿನ ಪದರಗಳನ್ನು ನಡುವೆ ಸಿಕ್ಕಿಸಿಕೊಂಡು ತೂತು ಮಾಡಬಲ್ಲವು. ಒಂದು ಕಾಣೆಯಾಗಿ ಮಗು ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ನೋವು ಬರಲಿ ಎಂದು ಕಾಯಬಾರದು, ತಕ್ಷಣ ಆಸ್ಪತ್ರೆಗೆ. ಪೇಸ್‌ಮೇಕರ್ ಇರುವವರ ಹತ್ತಿರ ಈ ಮ್ಯಾಗ್ನೆಟ್ ತರಲೇಬೇಡಿ.

ಗುಂಡು-ಬಟ್ಟಲಿನ ಕೀಲಿನ ಗುಂಡು ಸವೆದು ಚಪ್ಪಟೆಯಾಗಿದ್ದರೆ, ಪಟ್ಟಿ ಬಾಗಿದ್ದರೆ, ಅದು ಲೇಥ್ ಇರುವವರ ಕೆಲಸ. ಇಕ್ಕಳದಲ್ಲಿ ಜಗ್ಗಾಡಿದರೆ ಉಳಿದ ಕೀಲುಗಳೂ ಕೆಡುತ್ತವೆ.

ದೃಶ್ಯದ ನಡುವೆಯೇ ಮುರಿದರೆ

ಕೈ ಹಿಂದಕ್ಕೆ ತೆಗೆಯಿರಿ. ಬೊಂಬೆ ಬಿದ್ದಿದ್ದರೆ ಬಿದ್ದಿರಲಿ, ಎತ್ತುವ ಅವಸರದಲ್ಲಿ ಸೆಟ್ ಅಲುಗಿದರೆ ತೆಗೆದ ಫ್ರೇಮ್‌ಗಳೂ ಹೋಗುತ್ತವೆ. ಕ್ಯಾಮೆರಾ ಮುಟ್ಟದೆ ಕೊನೆಯ ಫ್ರೇಮ್ ಅನ್ನು ಪರದೆಯ ಮೇಲೆ ತೆರೆದಿಟ್ಟುಕೊಳ್ಳಿ. ಮುರಿಯದ ಕಾಲಿನ ಪಾದದ ಸ್ಕ್ರೂ ಗಟ್ಟಿಯಿದ್ದರೆ ಆ ಪಾದವನ್ನು ಬಿಚ್ಚಬೇಡಿ, ಆ ಕಾಲೇ ನಿಮ್ಮ ಅಳತೆಗೋಲು. ಹೊಸ ಕಾಲನ್ನು ಮೇಜಿನ ಮೇಲೆಯೇ ಹಳೆಯದರ ಭಂಗಿಗೆ ಬಗ್ಗಿಸಿ, ಆಮೇಲೆ ಸೊಂಟಕ್ಕೆ ಸಿಕ್ಕಿಸಿ. ಕೊನೆಯ ಫ್ರೇಮ್ ಅನ್ನು ಅರೆಪಾರದರ್ಶಕವಾಗಿ ಲೈವ್ ಚಿತ್ರದ ಮೇಲೆ ಹೊದಿಸಿ, ಮೊದಲು ಸೊಂಟ, ಆಮೇಲೆ ಎದೆ, ತಲೆ, ಕಡೆಗೆ ಕೈಗಳು, ಈ ಕ್ರಮದಲ್ಲಿ ಹೊಂದಿಸುತ್ತಾ ಬನ್ನಿ. ಪೂರ್ತಿ ಹೊಂದುವುದಿಲ್ಲ. ಆ ಉಳಿದ ಚೂರು ವ್ಯತ್ಯಾಸ ಅಡಗಲು ಮುಂದಿನ ಭಂಗಿಯಲ್ಲಿ ಒಂದು ದೊಡ್ಡ ಚಲನೆ ಇಡಿ: ತಲೆ ತಿರುಗಲಿ, ಕಣ್ಣು ಮಿಟುಕಲಿ.